ಪೇಟಿಯ ಕಡೆ ಕೂತವರು

ಹಿಂದೂಸ್ತಾನಿ ಗಾಯನದ ವೇದಿಕೆಯಲ್ಲಿ ಸಾಮಾನ್ಯವಾಗಿ ಗಾಯಕರ ಬಲಕ್ಕೆ ತಬಲಾ, ಎಡಕ್ಕೆ ಹಾರ್ಮೋನಿಯಂ (ಪೇಟಿ). ಎದುರು ಕೂತ ನಮಗೆ ಅದು ಅದಲುಬದಲು. ಬೆಳಗಾವಿಯ ಹಳೆಯ ಕೇಳುಗರಲ್ಲಿ ಕೆಲವರು ಸಭಾಗೃಹಕ್ಕೆ ಬಂದವರೇ, ಮುಂದಿನ ಸಾಲು ಖಾಲಿ ಇದ್ದರೂ ಅತ್ತ ನೋಡದೆ, ಬಲಗಡೆಯ ಅಂಚಿಗೆ ಹೋಗಿ ಕೂಡುವುದನ್ನು ಕಂಡಿದ್ದೇನೆ. ಅವರಿಗೆ ಪೇಟಿ ಕಾಣಬೇಕು. ಪೇಟಿ ಮಾಸ್ತರರು ಗಾಯಕರತ್ತ ತಿರುಗಿ ಕೂಡುವುದರಿಂದ ಅವರ ಎಡಗೈ, ಅಂದರೆ ಗಾಳಿ ಹಾಕುವ ಕೈ, ಸಭೆಯ ಆ ಅಂಚಿಗೆ ಚೆನ್ನಾಗಿ ಕಾಣುತ್ತದೆ. ಉಳಿದವರೆಲ್ಲ ಬಲಗೈಯ ಬೆರಳಾಟ ನೋಡಿ ತಲೆದೂಗುವಾಗ ಈ ಮಂದಿ ಎಡಗೈ ನೋಡುತ್ತಿರುತ್ತಾರೆ.

ಇದು ವಿಜಾಪುರೆ ಮಾಸ್ತರರ ಊರು. ಹಾಗಾಗಿ ಈ ಚಟಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಪಂಡಿತ ರಾಮಭಾವು ವಿಜಾಪುರೆ ಹುಟ್ಟಿದ್ದು 1917ರಲ್ಲಿ, ಇದೇ ಜಿಲ್ಲೆಯ ಕಾಗವಾಡದಲ್ಲಿ. ತೀರಿಕೊಂಡದ್ದು 2010ರ ನವೆಂಬರಿನಲ್ಲಿ, ಬೆಳಗಾವಿಯಲ್ಲಿ. ನಡುವಿನ ತೊಂಬತ್ತಮೂರು ವರ್ಷಗಳಲ್ಲಿ ಬಹುಪಾಲನ್ನು ಅವರು ಒಂದು ಪೆಟ್ಟಿಗೆಯ ಮುಂದೆ ಕೂತು ಕಳೆದರು. 1938ರಲ್ಲಿ ಶ್ರೀರಾಮ ಸಂಗೀತ ವಿದ್ಯಾಲಯ ತೆರೆದಾಗ ಅವರಿಗೆ ಇಪ್ಪತ್ತೊಂದು ವರ್ಷ. ಎರಡೇ ವರ್ಷಕ್ಕೆ, 1940ರ ಮಾರ್ಚಿನಲ್ಲಿ, ಆಕಾಶವಾಣಿ ಹಾರ್ಮೋನಿಯಂ ವಾದ್ಯವನ್ನೇ ತನ್ನ ಸ್ಟುಡಿಯೋಗಳಿಂದ ಹೊರಗಿಟ್ಟಿತು. ಹೊಸ ಮಾಸ್ತರರು ಬೋರ್ಡು ಹಾಕಿಕೊಂಡು ಕೂತಿದ್ದಾರೆ, ದೇಶದ ರೇಡಿಯೋ ಅವರ ವಾದ್ಯಕ್ಕೆ ಬಾಗಿಲು ಮುಚ್ಚಿದೆ!

ಆ ನಿಷೇಧಕ್ಕೆ ಕೊಟ್ಟ ಕಾರಣಗಳು ಸುಳ್ಳಾಗಿರಲಿಲ್ಲ. ಹಾರ್ಮೋನಿಯಂ ಯುರೋಪಿನಿಂದ ಬಂದದ್ದು. ಪ್ಯಾರಿಸ್ಸಿನ ಡೆಬೆಯಾನ್ 1840ರ ಸುಮಾರಿಗೆ ಅದಕ್ಕೆ ಪೇಟೆಂಟ್ ಪಡೆದಿದ್ದ. ಕಾಲಿನಿಂದ ಗಾಳಿ ತುಳಿಯುವ ಆ ವಾದ್ಯವನ್ನು ನೆಲದ ಮೇಲೆ ಕೂತು ಕೈಯಿಂದ ನುಡಿಸುವಂತೆ ಮಾಡಿದ್ದು ಕೋಲ್ಕತ್ತದ ಕುಶಲಕರ್ಮಿಗಳು. ಆದರೆ ಮನೆಗಳ, ಅಂದರೆ ಬೆರಳಿನಿಂದ ಒತ್ತುವ ಕೀಲಿಗಳ, ಅಂತರ ಮಾತ್ರ ಪಿಯಾನೋದ್ದೇ ಉಳಿಯಿತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಇದರಲ್ಲಿ ಬರುವುದಿಲ್ಲ, ಶ್ರುತಿಯ ಸೂಕ್ಷ್ಮ ಬರುವುದಿಲ್ಲ. ದರಬಾರಿ ರಾಗದ ಗಾಂಧಾರ ತೂಗುತ್ತಲೇ ಇರಬೇಕು. ಪೇಟಿಯ ಗಾಂಧಾರವೋ ಒತ್ತಿದಲ್ಲೇ ನಿಲ್ಲುವಂಥದು. ರವೀಂದ್ರನಾಥ ಟ್ಯಾಗೋರರಿಗೂ ಈ ವಾದ್ಯ ಹಿಡಿಸಿರಲಿಲ್ಲ. ನಿಷೇಧ ಸಡಿಲಗೊಳ್ಳಲು ಮೂರು ದಶಕ ಬೇಕಾಯಿತು. ಆಮೇಲೂ ಗಾಯಕರ ಸಾಥಿಗೆ ಅನುಮತಿ ಸಿಕ್ಕಷ್ಟು ಸುಲಭವಾಗಿ ಸೋಲೋ ವಾದನಕ್ಕೆ ಸಿಗಲಿಲ್ಲ. ಅಷ್ಟೂ ಕಾಲ ಬೆಳಗಾವಿಯಲ್ಲಿ ಮಾಸ್ತರರು ಕಲಿಸುತ್ತಲೇ ಇದ್ದರು. ಬೆಂಗಳೂರಿನ ರವೀಂದ್ರ ಕಾಟೋಟಿ, ಬೆಳಗಾವಿಯ ಸುಧಾಂಶು ಕುಲಕರ್ಣಿ, ರವೀಂದ್ರ ಮಾನೆ ಆ ಗರಡಿಯವರು.

ವಾದ್ಯದ ಊನವೇ ಒಳ್ಳೆಯ ಸಾಥೀದಾರರನ್ನು ತಯಾರು ಮಾಡಿತು ಎಂದು ನನಗನ್ನಿಸುತ್ತದೆ. ಮೀಂಡ್ ಬರದವನು ಮೀಂಡಿನ ಎರಡು ತುದಿಗಳನ್ನಷ್ಟೇ ಮುಟ್ಟಿ ನಡುವಿನದನ್ನು ಗಾಯಕನಿಗೆ ಬಿಡಬೇಕು. ದರಬಾರಿಯಲ್ಲಿ ಗಾಂಧಾರ ತೂಗುವಾಗ ಜಾಣ ವಾದಕ ಅದನ್ನು ಒತ್ತಿ ಹಿಡಿಯುವುದಿಲ್ಲ. ರಿಷಭದಲ್ಲೋ ಷಡ್ಜದಲ್ಲೋ ಕಾದಿರುತ್ತಾನೆ. ಗಾಯಕ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಈಗಷ್ಟೇ ಹಾಡಿದ್ದರ ಬಾಲವನ್ನು ಮೆಲ್ಲಗೆ ತುಂಬುತ್ತಾನೆ. ಮುಂದಿನ ಸ್ವರವನ್ನು ತಾನು ಮೊದಲು ಮುಟ್ಟಿದನೋ, ಕೆಟ್ಟಿತು: ಗಾಯಕ ಅರ್ಧ ಗಂಟೆಯಿಂದ ಮುಚ್ಚಿಟ್ಟುಕೊಂಡಿದ್ದ ನಿಷಾದವನ್ನು ಪೇಟಿ ಜಾಹೀರು ಮಾಡಿದಂತೆ. ಎಡಗೈಯ ಮಹತ್ವ ಇಲ್ಲಿದೆ. ಬಲಗೈ ಯಾವ ಸ್ವರ ಎಂದು ಹೇಳುತ್ತದೆ, ಎಷ್ಟು ಹೇಳಬೇಕು ಎಂಬುದನ್ನು ನಿರ್ಧರಿಸುವುದು ಗಾಳಿ. ತಾನು ಮುಂದಾಗುತ್ತಿದ್ದೇನೆ ಎನ್ನಿಸಿದ ಕ್ಷಣ ಗಾಳಿ ಹಾಕುವ ಭಾತಿಯ ಮೇಲಿನ ಅಂಗೈ ಅರೆಗಳಿಗೆ ನಿಲ್ಲುತ್ತದೆ, ಸ್ವರ ಸಣ್ಣಗಾಗಿ ತಂಬೂರಿಯೊಳಗೆ ಸೇರಿಹೋಗುತ್ತದೆ. ಬಲ ಅಂಚಿನವರು ಕಾಯುವುದು ಇದಕ್ಕೆ.

ಪೇಟಿಯ ಒಳಗನ್ನೂ ಒಮ್ಮೆ ನೋಡಬೇಕು. ಹಿತ್ತಾಳೆಯ ಚೌಕಟ್ಟಿಗೆ ಒಂದು ತುದಿಯಲ್ಲಿ ಮಾತ್ರ ಬಿಗಿದ ತೆಳು ನಾಲಗೆಗಳ ಸಾಲು, ಅವೇ ಸೂರುಗಳು. ಹಲವು ಗುಜರಾತಿನ ಪಾಲಿತಾಣದಿಂದ ಬಂದವು. ಶ್ರುತಿ ಇಳಿದಿದ್ದರೆ ನಾಲಗೆಯ ತುದಿಯನ್ನು ಕೂದಲೆಳೆಯಷ್ಟು ಹೆರೆಯುತ್ತಾರೆ, ತುದಿ ಹಗುರಾಗಿ ಸ್ವರ ಏರುತ್ತದೆ. ಏರಿದ್ದರೆ ಬುಡದ ಹತ್ತಿರ ಹೆರೆಯುತ್ತಾರೆ, ಇಳಿಯುತ್ತದೆ. ಒಂದು ಎಳೆ ಹೆಚ್ಚಾದರೆ ಮತ್ತೆ ಅಂಟಿಸಲಾಗದು. ಮಾಡುವವರು ಕಿವಿಯಿಂದಲೇ ಮಾಡುತ್ತಾರೆ.

ವಿಜಾಪುರೆಯವರು ಸಾಥ್ ಕೊಟ್ಟ ಹೆಸರುಗಳಲ್ಲಿ ಮಲ್ಲಿಕಾರ್ಜುನ ಮನಸೂರ, ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಕುಮಾರ ಗಂಧರ್ವ ಇದ್ದಾರೆ. ಒಬ್ಬರಂತೆ ಇನ್ನೊಬ್ಬರಿಲ್ಲ. ಭೀಮಸೇನರದು ಕಿರಾಣಾ ಬಢತ್: ಒಂದೊಂದೇ ಸ್ವರಕ್ಕೆ ಬೇಕಾದಷ್ಟು ಹೊತ್ತು ಕೊಟ್ಟು ಮೇಲೇರುವ ಕ್ರಮ. ಅಲ್ಲಿ ಪೇಟಿಗೆ ಉಸಿರಾಡಲು ಜಾಗವಿದೆ. ಮನಸೂರರು ಜೈಪುರ ಘರಾಣೆಯವರು. ಎರಡು ರಾಗ ಹೆಣೆದುಕೊಂಡ ಜೋಡರಾಗ, ಅಪರೂಪದ ಶಿವಮತ್ ಭೈರವ್, ಸಂಪೂರ್ಣ ಮಾಲಕಂಸ. ಎಲ್ಲಿ ಯಾವ ರಾಗದ ನೆರಳು ಬೀಳುತ್ತದೆ ಎಂದು ತಿಳಿಯುವಷ್ಟರಲ್ಲಿ ತಾನ ತಾಳದ ಮೊದಲ ಪೆಟ್ಟಾದ ಸಮ್‌ಗೆ ಬಂದು ಬಿದ್ದಿರುತ್ತದೆ. ಬೆರಳು ಅರ್ಧ ಹೆಜ್ಜೆ ತಪ್ಪಿದರೂ ರಾಗವೇ ಕೆಟ್ಟಂತೆ. ಕುಮಾರ ಗಂಧರ್ವರ ಸಮಸ್ಯೆ ತೀರಾ ಬೇರೆ. ಕ್ಷಯದಲ್ಲಿ ಒಂದು ಶ್ವಾಸಕೋಶ ಕಳೆದುಕೊಂಡವರು ತುಣುಕು ತುಣುಕಾಗಿ ಹಾಡುತ್ತಿದ್ದರು. ಆ ತುಣುಕುಗಳ ನಡುವಿನ ಮೌನವೂ ಹಾಡಿನ ಭಾಗವೇ. ಸಾಥೀದಾರ ಅದನ್ನು ಖಾಲಿ ಜಾಗವೆಂದು ತಿಳಿದು ತುಂಬಿದರೆ ಅಪರಾಧ. ಹೀಗೆ ಪ್ರತಿ ಗಾಯಕರಿಗೂ ಬೇರೆ ಬೇರೆ ರೀತಿ ಕೇಳಲು ಕಲಿತವನನ್ನು ಬರೀ ವಾದಕ ಎನ್ನುವುದು ಹೇಗೆ? ವೇದಿಕೆಯ ಮೇಲೆ ಕೂತ ಮೊದಲ ಕೇಳುಗ ಅವನು.

ವೇದಿಕೆಯ ಕೆಳಗಿನ ಕೇಳುಗರಲ್ಲಿ ಬೆಳಗಾವಿಯ ಅತಿ ಪ್ರಸಿದ್ಧ ವ್ಯಕ್ತಿ ಯಾರೆಂದು ಕೇಳಿದರೆ ಮರಾಠಿ ಓದುಗರು ತಟ್ಟನೆ ಉತ್ತರ ಕೊಡುತ್ತಾರೆ: ರಾವಸಾಹೇಬ. ಮರಾಠಿ ಲೇಖಕ ಪು.ಲ. ದೇಶಪಾಂಡೆ ಕೆಲಕಾಲ ಇಲ್ಲಿನ ಕಾಲೇಜಿನಲ್ಲಿ ಪಾಠ ಮಾಡಿದವರು, ಸ್ವತಃ ಒಳ್ಳೆಯ ಪೇಟಿ ವಾದಕರು. ಚಿತ್ರಮಂದಿರ ನಡೆಸುತ್ತಿದ್ದ ಇಲ್ಲಿನ ಕೃಷ್ಣರಾವ ಹರಿಹರರ, ಅಂದರೆ ಈ ರಾವಸಾಹೇಬರ, ಮೇಲೆ ಅವರು ಬರೆದ ವ್ಯಕ್ತಿಚಿತ್ರ ಮರಾಠಿ ಮನೆಗಳಲ್ಲಿ ಇಂದಿಗೂ ಓದಿಸಿಕೊಳ್ಳುತ್ತದೆ. ಕನ್ನಡದ ಅಚ್ಚಿನಲ್ಲಿ ಎರಕ ಹೊಯ್ದ ಮರಾಠಿ, ಬೈಗುಳದಲ್ಲೇ ಹೊರಬರುವ ಮೆಚ್ಚುಗೆ, ಸ್ವರ ಹತ್ತಿದರೆ ಕಣ್ಣಲ್ಲಿ ನೀರು. ಶಾಸ್ತ್ರ ಗೊತ್ತಿರುವ ಸಭ್ಯ ರಸಿಕನ ಚಿತ್ರ ಅದಲ್ಲ. ಆದರೆ ಯಾವ ಗಾಯಕನಾದರೂ ಮೊದಲ ಸಾಲಿನಲ್ಲಿ ಬಯಸುವುದು ಅಂಥವನನ್ನೇ.

ಈ ಊರಿನ ಸಭೆಯಲ್ಲಿ ಇನ್ನೂ ಹಲವು ಕಿವಿಗಳಿವೆ. ವಿಲಂಬಿತ ಖ್ಯಾಲ್ ಮುಗಿಯುವುದನ್ನೇ ಕಾಯುತ್ತ ನಾಟ್ಯಗೀತೆಗೆ ಚೀಟಿ ಕಳಿಸುವವರಿದ್ದಾರೆ. ಅವರನ್ನು ತಪ್ಪು ಎನ್ನಲಾರೆ. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ‘ಶಾಕುಂತಲ’ದಿಂದ ನಾಂದಿ ಹಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಇದೇ ಜಿಲ್ಲೆಯ ಗುರ್ಲಹೊಸೂರಿನವರು. ಕೊನೆಗೊಂದು ವಚನ ಅಥವಾ ದಾಸರ ಪದ ಬರದಿದ್ದರೆ ಊಟದಲ್ಲಿ ಮಜ್ಜಿಗೆ ತಪ್ಪಿದಂತೆ ಎದ್ದುಹೋಗುವವರಿದ್ದಾರೆ. ತೊಡೆಯ ಮೇಲೆ ಮಾತ್ರೆ ಎಣಿಸುವವರಿಗೆ ಸಮ್ ಬಂದರೆ ಸಾಕು, ರಾಗ ಯಾವುದಾದರೇನು. ಆಲಾಪ ಶುರುವಾದ ಎರಡನೇ ನಿಮಿಷಕ್ಕೆ ಪಕ್ಕದವರ ಕಿವಿಯಲ್ಲಿ ರಾಗದ ಹೆಸರು ಹೇಳಿ, ಆಮೇಲೆ ಪರೀಕ್ಷೆ ಬರೆದು ಮುಗಿಸಿದವರ ಹಾಗೆ ನಿರಾಳವಾಗಿ ಹಿಂದಕ್ಕೆ ಒರಗುವವರೂ ಇದ್ದಾರೆ. ಇವರ ಬಗ್ಗೆ ಮಾತ್ರ ನನಗೆ ಸ್ವಲ್ಪ ಅನುಮಾನ. ಹೆಸರು ಸಿಕ್ಕಿದ ಮೇಲೆ ಇವರು ಕೇಳುವುದೇ ಕಡಿಮೆ.

ಬೆಳಗಾವಿಯ ಸಂಗೀತದ ಇತಿಹಾಸ ಹೇಳುವಾಗ 1924 ಬರದೆ ಇರುವುದಿಲ್ಲ. ಆ ಏಪ್ರಿಲಿನಲ್ಲಿ ಪಕ್ಕದ ಸುಳೇಭಾವಿಯಲ್ಲಿ ಶಿವಪುತ್ರ ಕೋಮಕಾಳಿಮಠ ಎಂಬ ಕೂಸು ಹುಟ್ಟಿತು. ಅದೇ ಮುಂದೆ ಕುಮಾರ ಗಂಧರ್ವ. ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ. ಅಲ್ಲಿ ಸ್ವಾಗತ ಗೀತೆ ಹಾಡಿದವರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿ ಇದ್ದರು. ಜಾತಿಯ ಕಾರಣಕ್ಕೆ ಊಟವಾದ ಮೇಲೆ ಎಲೆ ಎತ್ತಲು ತನಗೆ ಹೇಳುತ್ತಾರೇನೋ ಎಂಬ ಭಯ ಆ ದಿನ ತಮ್ಮನ್ನು ಕಾಡಿತ್ತು ಎಂದು ಅವರು ಮುಂದೆ ಹೇಳಿಕೊಂಡದ್ದುಂಟು. ಯಾರು ಹಾಡಬಹುದು, ಯಾರು ಎದುರು ಕೂಡಬಹುದು ಎಂಬುದೂ ಸಂಗೀತದ ಚರಿತ್ರೆಯೇ ತಾನೆ.

ಖಾನಾಪುರಕ್ಕೆ ಹೋದರೆ ಕೇಳುವುದರ ಅರ್ಥವೇ ಬದಲಾಗುತ್ತದೆ. ಬೆಳಗಾವಿಯಿಂದ ಲೋಂಡಾ ಕಡೆಯ ರೈಲು ಹತ್ತಿದರೆ ತಾಸಿನೊಳಗೆ ಮಲಪ್ರಭೆಯ ದಂಡೆಯ ಈ ಊರು. ಹೊರಗಿನವರು ಇದನ್ನು ಹೆಂಚಿಗೆ, ಕುಂಬಾರಿಕೆಗೆ, ಕಣಕುಂಬಿಯ ಮಳೆಗೆ ನೆನೆಯುತ್ತಾರೆ. ತಾಲ್ಲೂಕಿನ ಹಳ್ಳಿಗಳ ವಿಠ್ಠಲ ಮಂದಿರಗಳಲ್ಲಿ ಪೇಟಿ ಇದೆ, ಪಖವಾಜ ಇದೆ, ತಾಳ ಇದೆ. ಏಕಾದಶಿಯ ರಾತ್ರಿ ಅಲ್ಲಿ ಶ್ರೋತೃ ಎಂಬವನೇ ಇರುವುದಿಲ್ಲ. ಬಂದವರ ಕೈಗೆಲ್ಲ ತಾಳ ಬರುತ್ತದೆ, ಎಲ್ಲರೂ ಹಾಡುವವರೇ. ಒಂದು ಅಭಂಗ ಮರಾಠಿಯದಾದರೆ ಮುಂದಿನದು ಕನ್ನಡದ ಭಜನೆ, ಅದಕ್ಕಾಗಿ ಯಾರೂ ಜಗಳವಾಡಿದ್ದು ನಾನು ಕಾಣೆ. ಪೇಟಿಯ ಪಾಡು ಮಾತ್ರ ಕಷ್ಟದ್ದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಈ ಘಟ್ಟದ ಸೀಮೆಯ ತೇವಕ್ಕೆ ಮರ ಉಬ್ಬಿ ಮನೆಗಳು ಅಂಟಿಕೊಳ್ಳುತ್ತವೆ, ಭಾತಿಯಲ್ಲಿ ಗಾಳಿ ಸೋರುತ್ತದೆ, ಸೂರು ಕಿಲುಬು ಹಿಡಿಯುತ್ತದೆ. ಆದರೂ ಭಜನೆ ನಿಲ್ಲುವುದಿಲ್ಲ. ಒಂದು ಸ್ವರ ಕೈಕೊಟ್ಟರೆ ಕಂಠಗಳು ಅದನ್ನು ತುಂಬಿಕೊಳ್ಳುತ್ತವೆ.

ಆ ಭಜನೆಯವರಲ್ಲೊಬ್ಬರನ್ನು ಬೆಳಗಾವಿಯ ಮೈಫಿಲಿಗೆ ಕರೆದುಕೊಂಡು ಹೋದರೆ ಅವರಿಗೆ ಭೀಮಪಲಾಸದ ಹೆಸರು ಗೊತ್ತಿರಲಿಕ್ಕಿಲ್ಲ. ಆದರೆ ಇದು ನಮ್ಮ ಇಂಥ ಅಭಂಗದ ಚಾಲು ಎಂದು ಮೊದಲ ಆವರ್ತನದಲ್ಲೇ ಹಿಡಿಯುತ್ತಾರೆ. ಕಷ್ಟವಾಗುವುದು ಸುಮ್ಮನೆ ಕೂಡುವುದು. ಅಷ್ಟು ಚೆಂದದ ಹಾಡು ನಡೆದಿರುವಾಗ ಕೈಕಟ್ಟಿ ಕೂಡುವುದು ಎಲ್ಲಿಯ ರೀತಿ ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ.

ಬೆಳಗಾವಿಯಲ್ಲಿ ಈಗಲೂ ಜಾಗಗಳಿಗೆ ಬರವಿಲ್ಲ. ಹಿಂದವಾಡಿಯ ಗುರುದೇವ ರಾನಡೆ ಮಂದಿರ, ಶಹಾಪುರದ ಸರಸ್ವತಿ ವಾಚನಾಲಯ, ಕುಮಾರ ಗಂಧರ್ವ ರಂಗಮಂದಿರ ಇವೆ. ದೀಪಾವಳಿಯ ನಸುಕಿನಲ್ಲಿ ನಡೆಯುವ ಗಾಯನಕ್ಕೆ ಮಾತ್ರ ನನ್ನ ಪಕ್ಷಪಾತ: ಸಂಜೆಯ ಕಛೇರಿಗಳಲ್ಲಿ ಎಂದೂ ಬಾರದ ಲಲತ್, ಭಟಿಯಾರ್, ತೋಡಿಗಳು ಅವುಗಳ ಹೊತ್ತಿನಲ್ಲೇ ಸಿಗುವುದು ಅಲ್ಲಿ. ಕುರ್ಚಿಗಳಲ್ಲಿ ಕಾಣುವ ತಲೆಗಳು ಮಾತ್ರ ವರ್ಷವರ್ಷಕ್ಕೆ ಬೆಳ್ಳಗಾಗುತ್ತಿವೆ. ಕಲಿಯುವ ಮಕ್ಕಳು ಪರೀಕ್ಷೆಗೆ ಬರುತ್ತಾರೆ, ಕಛೇರಿಗೆ ಬರುವುದಿಲ್ಲ. ಒಂದು ಸಭಾಗೃಹದಲ್ಲಿ ಧ್ವನಿವರ್ಧಕದವನು ತಬಲಾವನ್ನು ಎಷ್ಟು ಏರಿಸಿದ್ದನೆಂದರೆ ಪೇಟಿ ಇತ್ತೆಂಬುದಕ್ಕೆ ಅಲ್ಲಾಡುವ ಕೈಯಷ್ಟೇ ಸಾಕ್ಷಿ. ಖಾನಾಪುರದಿಂದ ಬಂದವರಂತೂ ದ್ರುತ್ ಶುರುವಾಗುವ ಹೊತ್ತಿಗೆ ಬಸ್ಸಿನ ಚಿಂತೆಯಲ್ಲಿ ಎದ್ದುಬಿಡುತ್ತಾರೆ. ವಿಜಾಪುರೆಯವರಂಥವರು ಕೂತಿದ್ದ ಕಾಲದ ರಾತ್ರಿಯಿಡೀ ಮೈಫಿಲುಗಳು ಇನ್ನು ಬರಲಾರವು.

ಸಂಘಟಕರಲ್ಲಿ ಒಂದು ಅರಿಕೆ. ಆಮಂತ್ರಣ ಪತ್ರಿಕೆಯಲ್ಲಿ ಗಾಯಕರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಪೇಟಿಯವರ, ತಬಲಾದವರ ಹೆಸರನ್ನೂ ಹಾಕಿ. ವರ್ಷಕ್ಕೊಂದು ಕಛೇರಿಯನ್ನಾದರೂ ಖಾನಾಪುರದಲ್ಲಿ ಮಾಡಿ, ಮಳೆಗಾಲ ಬಿಟ್ಟು. ಓದುಗರಿಗೆ ಹೇಳುವುದಿಷ್ಟೆ: ಮುಂದಿನ ಸಲ ರಾಗ ಗೊತ್ತಿಲ್ಲವೆಂದು ಮನೆಯಲ್ಲಿ ಉಳಿಯಬೇಡಿ. ಹೋಗಿ, ಬಲಗಡೆಯ ಅಂಚಿನಲ್ಲಿ ಕೂಡಿ. ಅಲ್ಲಿ ಕುರ್ಚಿಗಳು ಸಾಮಾನ್ಯವಾಗಿ ಖಾಲಿಯೇ ಇರುತ್ತವೆ.