ಗಂಜಿಗೆ ಯಾವ ಓಟ್ಸ್ ಸೂಕ್ತ?

ಹೈನುಗಾರಿಕೆ ಮಾಡುವ ರೈತರಿಗೆ ಓಟ್ಸ್ ಹೊಸ ಬೆಳೆಯೇನಲ್ಲ. ನೀರಾವರಿ ಇರುವೆಡೆ ಹಿಂಗಾರಿನಲ್ಲಿ ಕೆಂಟ್ ತಳಿಯನ್ನು ಹಸಿರು ಮೇವಿಗಾಗಿ ಬೆಳೆಯುವುದುಂಟು. ಈಗ ಸಕ್ಕರೆ ಕಾಯಿಲೆಯವರ ಗಂಜಿಗೆಂದು ಓಟ್ಸ್ ಪೊಟ್ಟಣಗಳು ಹಳ್ಳಿ ಮನೆಗಳಿಗೂ ಬರುತ್ತಿವೆ. ಮೇವಿನ ಓಟ್ಸ್ ಬೀಜ ಮನೆಯಲ್ಲೇ ಇರುವಾಗ ದುಡ್ಡು ಕೊಟ್ಟು ಕೊಳ್ಳುವುದೇಕೆ ಎಂಬ ಪ್ರಶ್ನೆ ಸಹಜವಾದುದೇ.

ಎರಡೂ ಒಂದೇ ಜಾತಿಯ ಬೆಳೆ. ಆದರೆ ಒಕ್ಕಿದಾಗ ಗೋಧಿಯ ಹೊಟ್ಟು ಬೇರ್ಪಡುವಂತೆ ಓಟ್ಸಿನ ಹೊಟ್ಟು ಬೇರ್ಪಡುವುದಿಲ್ಲ. ಭತ್ತದಂತೆ ಕಾಳಿಗೇ ಅಂಟಿಕೊಂಡಿರುತ್ತದೆ. ತೂಕದಲ್ಲಿ ಸುಮಾರು ಕಾಲು ಭಾಗ ಈ ಹೊಟ್ಟೇ. ಊರಿನ ಹಿಟ್ಟಿನ ಗಿರಣಿಗೆ ಹಾಕಿದರೆ ಹೊಟ್ಟೂ ಕಾಳೂ ಒಟ್ಟಿಗೆ ಪುಡಿಯಾಗಿ ಗಂಜಿ ಗಂಟಲಿಗೆ ಚುಚ್ಚುತ್ತದೆ. ಅಲ್ಲದೆ ಓಟ್ಸಿನಲ್ಲಿ ಎಣ್ಣೆಯ ಅಂಶ ಗೋಧಿ, ಅಕ್ಕಿಗಳಿಗಿಂತ ಹೆಚ್ಚು. ಹಸಿ ಕಾಳನ್ನು ಒಡೆದರೆ ಅದರಲ್ಲಿರುವ ಕಿಣ್ವವು ಎಣ್ಣೆಯನ್ನು ಕೆಡಿಸಿ, ಕೆಲವೇ ದಿನಗಳಲ್ಲಿ ಹಿಟ್ಟು ಕಮಟು ಹಿಡಿದು ಕಹಿಯಾಗುತ್ತದೆ. ಆದುದರಿಂದಲೇ ಕಾರ್ಖಾನೆಗಳಲ್ಲಿ ಹೊಟ್ಟು ತೆಗೆದು ಹಬೆಯಲ್ಲಿ ಬೇಯಿಸುತ್ತಾರೆ.

ಬಿತ್ತನೆಗೆಂದು ತಂದ ಬೀಜಕ್ಕೆ ಥೈರಮ್‌ನಂತಹ ಔಷಧಿ ಲೇಪಿಸಿರಬಹುದು. ಅದು ವಿಷ. ತೊಳೆದರೂ, ಹುರಿದರೂ ಅದನ್ನು ತಿನ್ನಬಾರದು, ದನಗಳಿಗೂ ಹಾಕಬಾರದು.

ಇನ್ನು ಅಂಗಡಿಯಲ್ಲಿ ಸಿಗುವ ಬಗೆಗಳು. ನಮ್ಮ ಅಡಿಗೆ ಮನೆಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ನುಚ್ಚು, ಒಂದು ಗಟ್ಟಿ ಅವಲಕ್ಕಿ, ಇನ್ನೊಂದು ಪೇಪರ್ ಅವಲಕ್ಕಿ. 'ಸ್ಟೀಲ್ ಕಟ್' ಎಂದರೆ ಕಾಳನ್ನು ಎರಡು ಮೂರು ತುಂಡು ಮಾಡಿದ ನುಚ್ಚು. ಬೇಯಲು 20ರಿಂದ 30 ನಿಮಿಷ ಬೇಕು. ರಾತ್ರಿ ನೆನೆಹಾಕಿದರೆ ಸೌದೆಯೂ ಸಮಯವೂ ಉಳಿಯುತ್ತವೆ. 'ರೋಲ್ಡ್' ಎಂಬುದು ಹಬೆ ಕೊಟ್ಟು ಒತ್ತಿದ್ದು, 5ರಿಂದ 10 ನಿಮಿಷ ಸಾಕು. 'ಇನ್‌ಸ್ಟಂಟ್' ಮೊದಲೇ ಬೆಂದು ತೀರ ತೆಳುವಾಗಿ ಒತ್ತಲ್ಪಟ್ಟಿರುತ್ತದೆ. ಮೂರರಲ್ಲೂ ಲೋಳೆಯಂತಹ ನಾರಿನ ಅಂಶವಿದೆ. ಆದರೆ ತೆಳುವಾದಷ್ಟೂ ಬೇಗ ಜೀರ್ಣವಾಗಿ ರಕ್ತದಲ್ಲಿ ಸಕ್ಕರೆ ಬೇಗ ಏರುತ್ತದೆ. ಸಕ್ಕರೆ ಕಾಯಿಲೆಯವರಿಗೆ ನುಚ್ಚು ಉತ್ತಮ. ಅದು ಸಿಗದಿದ್ದರೆ ಅಥವಾ ದುಬಾರಿಯೆನಿಸಿದರೆ ಗಟ್ಟಿ ಅವಲಕ್ಕಿಯಂತಹುದು ಸಾಕು. ಮಸಾಲೆ ಬೆರೆಸಿದ ಪೊಟ್ಟಣಗಳಲ್ಲಿ ಉಪ್ಪು ಹೆಚ್ಚಿರುತ್ತದೆ. ರಕ್ತದೊತ್ತಡ ಇರುವವರು ಅವುಗಳ ತಂಟೆಗೆ ಹೋಗದಿರುವುದೇ ಲೇಸು. ಗಂಜಿ ಕುಡಿಯುತ್ತಿದ್ದೇವೆಂದು ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡಬಾರದು.

ಓಟ್ಸ್ ಕೊಳ್ಳಲಾಗದವರು ಕೊರಗಬೇಕಾದುದಿಲ್ಲ. ಸಸಾರಜನಕದಲ್ಲಿ ಓಟ್ಸ್ ಮುಂದಿದ್ದರೂ ಸುಣ್ಣದ ಅಂಶದಲ್ಲಿ ಮನೆಯ ರಾಗಿ ಅದಕ್ಕಿಂತ ಹಲವು ಪಟ್ಟು ಮೇಲು.

ಕೊಳ್ಳುವಾಗ ಚಿಕ್ಕ ಪೊಟ್ಟಣವನ್ನೇ ಆರಿಸಿ, ತಯಾರಾದ ದಿನಾಂಕ ನೋಡಬೇಕು. ಒಡೆದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತುಂಬಿ, ಒಲೆಯ ಬಿಸಿ ತಾಗದ ಕಡೆ ಇಡಬೇಕು. ಕಮಟು ವಾಸನೆ ಬಂದರೆ ಉಪಯೋಗಿಸಬಾರದು.