ಹಿಮದ ನಾಡಿನ ಹಸಿಮಾಂಸದ ಊಟ

“ಊಟ ಬಲ್ಲವನಿಗೆ ರೋಗವಿಲ್ಲ” ಎಂಬುದು ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡ ಮಾತು. ಈ ಮಾತಿನಲ್ಲಿ ‘ಬಲ್ಲವನು’ ಎಂಬ ಪದಕ್ಕೇ ಹೆಚ್ಚಿನ ಬೆಲೆ. ಏನನ್ನು ಉಣ್ಣಬೇಕೆಂಬುದನ್ನಷ್ಟೇ ಅಲ್ಲದೆ, ಎಲ್ಲಿ, ಎಷ್ಟು, ಹೇಗೆ, ಯಾವ ದುಡಿಮೆಯೊಡನೆ ಉಣ್ಣಬೇಕೆಂಬುದನ್ನೂ ಅರಿತವನೇ ಊಟ ಬಲ್ಲವನು. ಹುಟ್ಟಿದ ನಾಡನ್ನು ಬಿಟ್ಟು ಪರನಾಡಿನಲ್ಲಿ ನೆಲೆಸಿದವರಿಗಂತೂ ಈ ಅರಿವು ಅತ್ಯಗತ್ಯ.

ಇತ್ತೀಚಿನ ವರ್ಷಗಳಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಒಂದು ವಾದವು ಕೇಳಿಬರುತ್ತಿದೆ. ಧಾನ್ಯ, ತರಕಾರಿ, ಹಣ್ಣುಗಳನ್ನೆಲ್ಲ ತ್ಯಜಿಸಿ ಕೇವಲ ಮಾಂಸವನ್ನು, ಅದರಲ್ಲಿಯೂ ಬೇಯಿಸದ ಹಸಿಮಾಂಸವನ್ನು ಸೇವಿಸುವುದೇ ಮಾನವನಿಗೆ ಸಹಜವಾದ ಜೀವನಕ್ರಮವೆಂದು ಆ ವಾದಿಗಳು ಹೇಳುತ್ತಾರೆ. ವಿದ್ಯಾಭ್ಯಾಸಕ್ಕೂ ಉದ್ಯೋಗಕ್ಕೂ ಹೊರದೇಶಗಳಿಗೆ ತೆರಳುವ ನಮ್ಮ ಯುವಕರ ಕಿವಿಗೂ ಈ ಮಾತು ಬೀಳದಿರುವುದಿಲ್ಲ. ವಾದಿಗಳು ತಮ್ಮ ಸಮರ್ಥನೆಗೆ ಸಾಮಾನ್ಯವಾಗಿ ಎರಡು ಸಾಕ್ಷ್ಯಗಳನ್ನು ಮುಂದಿಡುತ್ತಾರೆ. ಒಂದು, ಉತ್ತರ ಧ್ರುವ ಪ್ರದೇಶದ ಇನ್ಯೂಟ್ ಜನರ ಆಹಾರ ಪದ್ಧತಿ. ಇನ್ನೊಂದು, ಆ ಜನರ ನಡುವೆ ಬಾಳಿ ಬಂದ ವಿಲ್‌ಹ್ಯಾಲ್ಮರ್ ಸ್ಟೆಫಾನ್ಸನ್ ಎಂಬ ಅನ್ವೇಷಕರ ಅನುಭವ. ಈ ಎರಡೂ ಸಾಕ್ಷ್ಯಗಳು ಸತ್ಯವಾದವುಗಳೇ. ಆದರೆ ಅವು ನಿಜವಾಗಿ ಏನನ್ನು ಸಿದ್ಧಪಡಿಸುತ್ತವೆ ಎಂಬುದನ್ನು ಜಮಾ-ಖರ್ಚು ಎರಡೂ ಬದಿಗಳನ್ನು ನೋಡಿ ತೀರ್ಮಾನಿಸುವುದು ವಿವೇಕ.

ಹಿಮದ ನಾಡಿನ ಜನ

ಅಲಾಸ್ಕಾ, ಉತ್ತರ ಕೆನಡಾ ಮತ್ತು ಗ್ರೀನ್‌ಲ್ಯಾಂಡ್‌ಗಳ ಕಡಲತೀರಗಳಲ್ಲಿ ಇನ್ಯೂಟ್ ಮತ್ತು ಅವರ ಬಂಧು ಜನಾಂಗಗಳು ವಾಸಿಸುತ್ತವೆ. ಹಿಂದೆ ಇವರನ್ನು ‘ಎಸ್ಕಿಮೊ’ ಎಂದು ಕರೆಯುತ್ತಿದ್ದರು. ಆ ಪದಕ್ಕೆ ‘ಹಸಿಮಾಂಸ ತಿನ್ನುವವರು’ ಎಂಬ ಅರ್ಥವಿದೆಯೆಂದು ಬಹುಕಾಲ ನಂಬಲಾಗಿತ್ತು. ಹಿಮದ ಮೇಲೆ ನಡೆಯಲು ಬಳಸುವ ಪಾದುಕೆಗಳನ್ನು ಹೆಣೆಯುವವರೆಂಬುದೇ ಅದರ ಮೂಲಾರ್ಥವಿರಬೇಕೆಂದು ಇಂದಿನ ಅನೇಕ ಭಾಷಾಶಾಸ್ತ್ರಜ್ಞರು ಅಭಿಪ್ರಾಯಪಡುತ್ತಾರೆ.

ವರ್ಷದ ಬಹುಭಾಗ ಹಿಮಾವೃತವಾಗಿರುವ ಆ ನಾಡಿನಲ್ಲಿ ಬೇಸಾಯವು ಅಸಾಧ್ಯ. ಮರಗಳಿಲ್ಲದ ಬಯಲಿನಲ್ಲಿ ಉರುವಲೂ ದುರ್ಲಭ. ಆದುದರಿಂದ ಸೀಲ್, ತಿಮಿಂಗಿಲ, ವಾಲ್ರಸ್, ಮೀನು ಹಾಗೂ ಕ್ಯಾರಿಬೂ ಎಂಬ ಹಿಮಸಾರಂಗಗಳೇ ಅವರ ಅನ್ನವಾದವು. ಬೇಸಿಗೆಯ ಅಲ್ಪಾವಧಿಯಲ್ಲಿ ದೊರೆಯುವ ಕಾಡುಹಣ್ಣು, ಬೇರು ಮತ್ತು ಕಡಲಪಾಚಿಗಳನ್ನೂ ಅವರು ಬಿಡುತ್ತಿರಲಿಲ್ಲ. ಮಾಂಸವನ್ನು ಕೆಲವೊಮ್ಮೆ ಹಸಿಯಾಗಿ, ಕೆಲವೊಮ್ಮೆ ಹೆಪ್ಪುಗಟ್ಟಿದಂತೆಯೇ, ಕೆಲವೊಮ್ಮೆ ಒಣಗಿಸಿ, ಮತ್ತೆ ಕೆಲವೊಮ್ಮೆ ಸೀಲ್ ಕೊಬ್ಬಿನ ದೀಪದ ಮೇಲೆ ಬೇಯಿಸಿ ತಿನ್ನುತ್ತಿದ್ದರು. ಹಸಿಮಾಂಸವು ಅವರಿಗೆ ಒಂದು ಸಿದ್ಧಾಂತವಾಗಿರಲಿಲ್ಲ. ಆ ನಾಡು ಕಲಿಸಿದ ಪಾಠವಾಗಿತ್ತು.

ಪರನಾಡಿನಲ್ಲಿ ಸ್ಟೆಫಾನ್ಸನ್

ಸ್ಟೆಫಾನ್ಸನ್ ಅವರು 1879ರಲ್ಲಿ ಕೆನಡಾದ ಮ್ಯಾನಿಟೋಬಾ ಪ್ರಾಂತದಲ್ಲಿ ಜನಿಸಿದರು. ಅವರ ತಂದೆತಾಯಿಗಳು ಐಸ್‌ಲ್ಯಾಂಡಿನಿಂದ ವಲಸೆ ಬಂದವರು. ಅವರು ಅಮೆರಿಕದಲ್ಲಿ ಬೆಳೆದು, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರವನ್ನು ಅಭ್ಯಸಿಸಿದರು. 1906ರಲ್ಲಿ ಧ್ರುವಯಾತ್ರೆಯ ತಂಡವೊಂದನ್ನು ಸೇರಲೆಂದು ಅವರು ಮೆಕೆಂಜಿ ನದಿಯ ಮಾರ್ಗವಾಗಿ ಉತ್ತರ ತೀರವನ್ನು ತಲಪಿದರು. ಆದರೆ ತಂಡದ ಹಡಗು ಗೊತ್ತಾದ ಸ್ಥಳಕ್ಕೆ ಬರಲಿಲ್ಲ. ಚಳಿಗಾಲವನ್ನು ಇನ್ಯೂಟ್ ಕುಟುಂಬಗಳ ಮನೆಯಲ್ಲಿಯೇ ಕಳೆಯಬೇಕಾಯಿತು.

ಬಾಲ್ಯದಿಂದಲೂ ಅವರಿಗೆ ಮೀನೆಂದರೆ ಆಗದು. ಅಲ್ಲಿ ಮೂರು ಹೊತ್ತೂ ಮೀನೇ ಊಟ, ಅದೂ ಉಪ್ಪಿಲ್ಲದ ಊಟ. ಮೊದಮೊದಲು ಅವರು ಮೀನನ್ನು ಸುಟ್ಟು ಒಲ್ಲದ ಮನಸ್ಸಿನಿಂದ ತಿಂದರು. ಕ್ರಮೇಣ ಬೇಯಿಸಿದ ಮೀನಿಗೆ ಒಗ್ಗಿಕೊಂಡರು. ಕೊನೆಗೆ ಹೆಪ್ಪುಗಟ್ಟಿದ ಹಸಿಮೀನನ್ನೂ ಮನೆಯವರಂತೆಯೇ ತಿನ್ನತೊಡಗಿದರು. ಕೆಲವು ತಿಂಗಳುಗಳಲ್ಲಿ ಉಪ್ಪಿನ ಬಯಕೆಯೂ ಅಡಗಿತು. ತಮ್ಮ ಆರೋಗ್ಯವು ಕೆಡದಿದ್ದುದನ್ನು ಕಂಡು ಅವರಿಗೇ ಆಶ್ಚರ್ಯವಾಯಿತು. 1908ರಿಂದ 1912ರವರೆಗೆ ಮತ್ತು 1913ರಿಂದ 1918ರವರೆಗೆ ಅವರು ಮತ್ತೆರಡು ಧ್ರುವಯಾತ್ರೆಗಳನ್ನು ಕೈಗೊಂಡರು. ಈ ಅವಧಿಯಲ್ಲಿ ಒಟ್ಟಾರೆ ಹಲವು ವರ್ಷಗಳಷ್ಟು ಕಾಲ ಬೇಟೆಯ ಮಾಂಸವನ್ನೇ ನಂಬಿ ಬಾಳಿದರು.

ಅಲ್ಲಿ ಅವರು ಕಂಡುಕೊಂಡ ಮುಖ್ಯ ವಿಷಯವೊಂದಿದೆ. ನಗರದವರು ಹೆಚ್ಚು ಬೆಲೆ ಕೊಟ್ಟು ಕೊಳ್ಳುವ ಕೊಬ್ಬಿಲ್ಲದ ಮೆದುಮಾಂಸವನ್ನು ಇನ್ಯೂಟರು ನಾಯಿಗಳಿಗೆ ಹಾಕುತ್ತಿದ್ದರು. ತಲೆ, ನಾಲಿಗೆ, ಎದೆಭಾಗ, ಪಕ್ಕೆಲುಬು, ಎಲುಬಿನ ಮಜ್ಜೆ ಹಾಗೂ ಕೊಬ್ಬು ಇವೇ ಮನುಷ್ಯರ ಪಾಲು. ಇದರಲ್ಲಿ ಅಡಗಿದ್ದ ಅರ್ಥವು ಮುಂದೆ ನ್ಯೂಯಾರ್ಕಿನಲ್ಲಿ ಸ್ಪಷ್ಟವಾಯಿತು.

ಸ್ಕರ್ವಿ ರೋಗ ಮತ್ತು ಹಸಿಮಾಂಸ

ಹಣ್ಣು ತರಕಾರಿಗಳಿಲ್ಲದೆ ಬಹುಕಾಲ ಕಳೆದ ನಾವಿಕರಿಗೆ ಒಸಡು ಊದಿ, ಕೀಲು ನೋಯುವ ಸ್ಕರ್ವಿ ರೋಗವು ಬರುತ್ತಿದ್ದಿತು. ಕಿತ್ತಳೆ, ನಿಂಬೆಗಳಿಂದ ಅದು ಗುಣವಾಗುವುದೆಂದು ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯರು 1747ರಲ್ಲಿಯೇ ತೋರಿಸಿಕೊಟ್ಟಿದ್ದರು. ‘ಸಿ’ ಜೀವಸತ್ವದ ಕೊರತೆಯೇ ಇದಕ್ಕೆ ಕಾರಣವೆಂಬುದು 1932ರ ಹೊತ್ತಿಗೆ ಖಚಿತವಾಯಿತು. ಹಾಗಾದರೆ ಹಣ್ಣನ್ನೇ ಕಾಣದ ಚಳಿಗಾಲದಲ್ಲಿ ಇನ್ಯೂಟರಿಗೆ ಈ ರೋಗವೇಕೆ ಬರಲಿಲ್ಲ?

ಉತ್ತರವು ಅವರ ಊಟದಲ್ಲಿಯೇ ಇದೆ. ಸ್ಕರ್ವಿಯನ್ನು ತಡೆಯಲು ದಿನಕ್ಕೆ ಸುಮಾರು 10 ಮಿಲಿಗ್ರಾಂ ‘ಸಿ’ ಜೀವಸತ್ವ ಸಾಕು. ಧ್ರುವಪ್ರದೇಶದ ತಿಮಿಂಗಿಲ ಜಾತಿಯ ಪ್ರಾಣಿಗಳ ಹಸಿ ಚರ್ಮದಲ್ಲಿ 100 ಗ್ರಾಮಿಗೆ ಸುಮಾರು 36 ಮಿಲಿಗ್ರಾಂನಷ್ಟು ಈ ಸತ್ವವಿದೆ. ಸೀಲ್ ಮತ್ತು ಕ್ಯಾರಿಬೂಗಳ ಯಕೃತ್ತಿನಲ್ಲಿಯೂ ಇದೆ. ಶಾಖಕ್ಕೆ ಈ ಜೀವಸತ್ವವು ನಾಶವಾಗುವುದರಿಂದ, ಹಸಿಯಾಗಿಯೋ ಅರೆಬೆಂದಂತೆಯೋ ತಿನ್ನುವವರಿಗೆ ಅದು ಉಳಿದು ದೊರೆಯುತ್ತದೆ.

ಸ್ಟೆಫಾನ್ಸನ್ ಅವರ ಮೂರನೆಯ ಯಾತ್ರೆಯಲ್ಲಿ, 1917ರಲ್ಲಿ, ಇದಕ್ಕೆ ಪ್ರತ್ಯಕ್ಷ ನಿದರ್ಶನವು ದೊರೆಯಿತು. ತಂಡದ ಕೆಲವರು ತಾಜಾ ಮಾಂಸವನ್ನು ಬಿಟ್ಟು ಹಳೆಯ ದಾಸ್ತಾನಿನ ದಿನಸಿಯನ್ನೇ ನಂಬಿ ಸ್ಕರ್ವಿಗೆ ಗುರಿಯಾದರು. ತಾಜಾ ಕ್ಯಾರಿಬೂ ಮಾಂಸವನ್ನು ಹಸಿಯಾಗಿಯೂ ಲಘುವಾಗಿ ಬೇಯಿಸಿಯೂ ಕೊಟ್ಟಾಗ ಅವರು ಚೇತರಿಸಿಕೊಂಡರು. ಮೂವರು ರೋಗಿಗಳ ಈ ವೃತ್ತಾಂತವನ್ನು ಅವರು 1918ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು.

ನ್ಯೂಯಾರ್ಕಿನ ಪ್ರಯೋಗ

ಮಾಂಸ ಮಾತ್ರದಿಂದ ಮನುಷ್ಯ ಬದುಕಬಲ್ಲನೆಂಬ ಮಾತನ್ನು ಅಂದಿನ ವೈದ್ಯರು ಸುಲಭವಾಗಿ ನಂಬಲಿಲ್ಲ. ಆದುದರಿಂದ 1928ರಲ್ಲಿ ನ್ಯೂಯಾರ್ಕಿನ ಬೆಲ್ವ್ಯೂ ಆಸ್ಪತ್ರೆಯಲ್ಲಿ ಒಂದು ಪ್ರಯೋಗವನ್ನು ಏರ್ಪಡಿಸಲಾಯಿತು. ಸ್ಟೆಫಾನ್ಸನ್ ಅವರೂ, ಅವರ ಯಾತ್ರೆಯ ಒಡನಾಡಿಯಾಗಿದ್ದು ಆಮೇಲೆ ಫ್ಲಾರಿಡಾದಲ್ಲಿ ಕಿತ್ತಳೆ ತೋಟವನ್ನು ನೋಡಿಕೊಳ್ಳುತ್ತಿದ್ದ ಕಾರ್ಸ್ಟೆನ್ ಆಂಡರ್ಸನ್ ಅವರೂ ಒಂದು ವರ್ಷ ಕಾಲ ಮಾಂಸಾಹಾರದಲ್ಲಿಯೇ ಇರಲು ಒಪ್ಪಿದರು. ಮೊದಲ ಕೆಲವು ವಾರಗಳು ಆಸ್ಪತ್ರೆಯೊಳಗೆ ಅಹೋರಾತ್ರಿ ನಿಗಾದಲ್ಲಿದ್ದು, ಬಳಿಕ ಹೊರಗಿದ್ದುಕೊಂಡೇ ಕ್ರಮವನ್ನು ಮುಂದುವರಿಸಿದರು.

ಪ್ರಾರಂಭದಲ್ಲಿ ಸ್ಟೆಫಾನ್ಸನ್ ಅವರಿಗೆ ವೈದ್ಯರ ಇಚ್ಛೆಯಂತೆ ಕೊಬ್ಬಿಲ್ಲದ ಮಾಂಸವನ್ನು ಮಾತ್ರ ಕೊಡಲಾಯಿತು. ಕೆಲವೇ ದಿನಗಳಲ್ಲಿ ಓಕರಿಕೆ, ಭೇದಿ ಮತ್ತು ನಿಶ್ಶಕ್ತಿ ತಲೆದೋರಿದವು. ಕೊಬ್ಬನ್ನು ಸೇರಿಸಿದೊಡನೆ ಉಪಶಮನವಾಯಿತು. ಕೊಬ್ಬಿಲ್ಲದ ಮೊಲದ ಮಾಂಸವನ್ನೇ ತಿಂದು ನವೆಯುವುದನ್ನು ಉತ್ತರದ ಬೇಟೆಗಾರರು ‘ಮೊಲದ ಉಪವಾಸ’ವೆಂದೇ ಕರೆಯುತ್ತಾರೆ. ನಾಯಿಗಳಿಗೆ ಮೆದುಮಾಂಸವನ್ನೂ ಮನುಷ್ಯರಿಗೆ ಕೊಬ್ಬನ್ನೂ ಹಂಚಿದ ಇನ್ಯೂಟರ ಜಾಣ್ಮೆ ಇಲ್ಲಿ ಮನವರಿಕೆಯಾಗುತ್ತದೆ. ಬಳಿಕ ಅವರ ಆಹಾರದ ಉಷ್ಣಾಂಶದಲ್ಲಿ ಶೇಕಡಾ 75ರಿಂದ 85ರಷ್ಟು ಕೊಬ್ಬಿನಿಂದಲೂ, ಉಳಿದುದು ಬಹುತೇಕ ಸಸಾರಜನಕದಿಂದಲೂ ದೊರೆಯುತ್ತಿತ್ತು. ಮಾಂಸದೊಂದಿಗೆ ಯಕೃತ್ತು, ಮೂತ್ರಪಿಂಡ, ಮಿದುಳು ಮತ್ತು ಮಜ್ಜೆಗಳೂ ಇದ್ದವು.

ವರ್ಷದ ಕೊನೆಗೆ ಇಬ್ಬರಲ್ಲಿಯೂ ಸ್ಕರ್ವಿಯಾಗಲಿ, ಮೂತ್ರಪಿಂಡದ ಹಾನಿಯಾಗಲಿ, ರಕ್ತದೊತ್ತಡದ ಏರಿಕೆಯಾಗಲಿ ಕಂಡುಬರಲಿಲ್ಲ. ಮೆಕ್‌ಲೆಲನ್ ಮತ್ತು ಡುಬಾಯ್ಸ್ ಎಂಬ ವೈದ್ಯರು 1930ರಲ್ಲಿ ಈ ಫಲಿತಾಂಶಗಳನ್ನು ಪ್ರಕಟಿಸಿದರು. ಜಮಾ ಬದಿಯಲ್ಲಿ ಇದು ದೊಡ್ಡ ಮೊತ್ತವೆಂಬುದು ನಿರ್ವಿವಾದ.

ಖರ್ಚಿನ ಬದಿ

ಇನ್ನು ಇನ್ನೊಂದು ಬದಿಯನ್ನು ನೋಡೋಣ. ಮೊದಲನೆಯದಾಗಿ, ಬೆಲ್ವ್ಯೂ ಆಸ್ಪತ್ರೆಯ ಊಟವು ಹಸಿಮಾಂಸದ ಊಟವಾಗಿರಲಿಲ್ಲ. ಮಾಂಸವನ್ನು ಸಾಮಾನ್ಯವಾಗಿ ಲಘುವಾಗಿ ಬೇಯಿಸಲಾಗುತ್ತಿತ್ತು. ಮಜ್ಜೆಯನ್ನು ಮಾತ್ರ ಹಸಿಯಾಗಿ ತಿನ್ನುತ್ತಿದ್ದರು. ಎರಡನೆಯದಾಗಿ, ಪ್ರಯೋಗಕ್ಕೆ ಒಳಗಾದವರು ಇಬ್ಬರೇ, ಕಾಲಾವಧಿ ಒಂದೇ ವರ್ಷ. ಪ್ರಯೋಗಕ್ಕೆ ಹಣವನ್ನೊದಗಿಸಿದ್ದು ಅಮೆರಿಕದ ಮಾಂಸ ವ್ಯಾಪಾರಿಗಳ ಸಂಸ್ಥೆ ಎಂಬುದನ್ನೂ ಮರೆಯಲಾಗದು. ಮೂರನೆಯದಾಗಿ, ದೇಹಕ್ಕೆ ಬಂದ ಸುಣ್ಣದ ಅಂಶಕ್ಕಿಂತ ಹೊರಹೋದುದೇ ಹೆಚ್ಚೆಂದು ಆ ವರದಿಯೇ ತೋರಿಸಿತು. ಒಂದು ವರ್ಷದಲ್ಲಿ ಈ ಕೊರತೆಯು ಹೊರಗೆ ಕಾಣದಿರಬಹುದು. ಮೂಲಧನವನ್ನು ಕರಗಿಸಿ ಉಣ್ಣುವವನ ಬಡತನ ಕೂಡಲೇ ತಿಳಿಯುವುದಿಲ್ಲ. ಉತ್ತರ ಅಲಾಸ್ಕಾದ ಜನರನ್ನು ಕುರಿತು 1974ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 40 ವರ್ಷ ಮೀರಿದವರ ಮೂಳೆಗಳಲ್ಲಿ ಖನಿಜಾಂಶವು ಅಮೆರಿಕದ ಬಿಳಿಯರಿಗಿಂತ ಶೇಕಡಾ 10ರಿಂದ 15ರಷ್ಟು ಕಡಿಮೆಯಿದ್ದುದು ಕಂಡುಬಂದಿತು.

ಹಸಿಮಾಂಸದ ಅಪಾಯಗಳಿಂದ ಹಿಮದ ನಾಡೂ ಮುಕ್ತವಲ್ಲ. ವಾಲ್ರಸ್ ಮತ್ತು ಹಿಮಕರಡಿಗಳ ಮಾಂಸದಲ್ಲಿ ಟ್ರೈಕಿನೆಲ್ಲಾ ಎಂಬ ಸೂಕ್ಷ್ಮ ಹುಳುವಿರುತ್ತದೆ. ಧ್ರುವಪ್ರದೇಶದ ತಳಿಯು ಹೆಪ್ಪುಗಟ್ಟಿಸಿದರೂ ಸಾಯುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಮಾತ್ರ ಸಾಯುತ್ತದೆ. ಹಿಮಕರಡಿಯ ಯಕೃತ್ತಿನಲ್ಲಿ ‘ಎ’ ಜೀವಸತ್ವವು ವಿಷವಾಗುವಷ್ಟು ಅಧಿಕವಾಗಿರುವುದರಿಂದ ಇನ್ಯೂಟರು ಅದನ್ನು ಮುಟ್ಟುತ್ತಿರಲಿಲ್ಲ. ಅಲಾಸ್ಕಾದಲ್ಲಿ ಮೀನಿನ ತಲೆ ಮೊದಲಾದವನ್ನು ಹುಲ್ಲು ಹಾಸಿದ ತಂಪು ಗುಂಡಿಗಳಲ್ಲಿ ಹುದುಗಿಸುವ ಪದ್ಧತಿಯಿದ್ದಿತು. ಗುಂಡಿಯ ಬದಲು ಮುಚ್ಚಿದ ಪ್ಲಾಸ್ಟಿಕ್ ಪಾತ್ರೆಗಳನ್ನು ಬಳಸತೊಡಗಿದ ಮೇಲೆ, ಗಾಳಿಯಿಲ್ಲದೆ ಬೆಳೆಯುವ ಬಾಟುಲಿಸಂ ವಿಷದ ಪ್ರಕರಣಗಳು ಹೆಚ್ಚಿದವು. ಒಂದು ಜೀವನಕ್ರಮದಲ್ಲಿ ಒಂದೇ ಒಂದು ಅಂಶವನ್ನು ಬದಲಿಸಿದರೂ ಆಗುವ ಅನಾಹುತಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಇದಲ್ಲದೆ, ಸಾವಿರಾರು ವರ್ಷಗಳ ಈ ಆಹಾರಕ್ಕೆ ಇನ್ಯೂಟರ ಶರೀರವೂ ಹೊಂದಿಕೊಂಡಿದೆ. ಕೊಬ್ಬಿನ ಅಂಶಗಳನ್ನು ಪರಿವರ್ತಿಸುವ ವಂಶವಾಹಿಗಳಲ್ಲಿ ಗ್ರೀನ್‌ಲ್ಯಾಂಡಿನ ಇನ್ಯೂಟರಿಗೆ ವಿಶೇಷ ವ್ಯತ್ಯಾಸಗಳಿರುವುದನ್ನು 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಅವರಿಗೆ ಒಗ್ಗಿದುದು ಇತರರಿಗೂ ಒಗ್ಗೀತೆಂದು ಹೇಳಲು ಬರುವುದಿಲ್ಲ.

ನಗರದ ಮಾಂಸ

ಈಗಷ್ಟೇ ಬೇಟೆಯಾಡಿದ ಪ್ರಾಣಿಯನ್ನು ಕೊರೆಯುವ ಚಳಿಯಲ್ಲಿ ಕೊಯ್ದು ಅಲ್ಲಿಯೇ ತಿನ್ನುವುದಕ್ಕೂ, ಕಸಾಯಿಖಾನೆಯಿಂದ ಲಾರಿಯಲ್ಲಿ ಸಾಗಿ, ಅನೇಕರ ಕೈ ದಾಟಿ, ಅಂಗಡಿಗೆ ಬಂದ ಮಾಂಸವನ್ನು ಹಸಿಯಾಗಿ ತಿನ್ನುವುದಕ್ಕೂ ಅಜಗಜಾಂತರವಿದೆ. ಕೋಳಿಮಾಂಸದಲ್ಲಿ ಸಾಲ್ಮೊನೆಲ್ಲಾ ರೋಗಾಣುಗಳಿರುವ ಸಂಭವವುಂಟು. ಸರಿಯಾಗಿ ಬೇಯದ ದನದ ಮಾಂಸದ ಕೊಚ್ಚಿನಿಂದ ಹರಡುವ ‘ಇ. ಕೋಲಿ’ಯ ಒಂದು ಉಗ್ರ ತಳಿಯನ್ನು ಅಮೆರಿಕದಲ್ಲಿಯೇ 1982ರಲ್ಲಿ ಗುರುತಿಸಲಾಯಿತು. ಮಕ್ಕಳಲ್ಲಿ ಅದು ಮೂತ್ರಪಿಂಡಗಳನ್ನೇ ಕೆಡಿಸಬಲ್ಲದು. ಬೇಯದ ಹಂದಿಮಾಂಸದಿಂದ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆಗಳು ಮಲಿನ ಕೈಗಳ ಮೂಲಕ ಹೊಟ್ಟೆ ಸೇರಿದರೆ ಮಿದುಳಿನಲ್ಲಿ ಗಂಟುಗಳಾಗಿ ಮೂರ್ಛೆರೋಗಕ್ಕೆ ಕಾರಣವಾಗುತ್ತವೆ. ಗರ್ಭಿಣಿಯರು, ಎಳೆಯ ಮಕ್ಕಳು, ವೃದ್ಧರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರಿಗಂತೂ ಹಸಿಮಾಂಸವು ಸರ್ವಥಾ ವರ್ಜ್ಯ.

ನಮಗೆ ಪಾಠ

ಸ್ಟೆಫಾನ್ಸನ್ ಅವರೇ ನಗರದಲ್ಲಿ ನೆಲೆಸಿದ ಮೇಲೆ ಅನೇಕ ವರ್ಷ ಎಲ್ಲರಂತೆ ಮಿಶ್ರಾಹಾರವನ್ನು ಉಂಡರು. 70 ವರ್ಷ ದಾಟಿದ ನಂತರ ಮತ್ತೆ ಮಾಂಸಪ್ರಧಾನ ಆಹಾರಕ್ಕೆ ಮರಳಿ, 1962ರಲ್ಲಿ ತಮ್ಮ 82ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಜೀವನದಿಂದ ತಿಳಿಯುವುದಿಷ್ಟು: ಮಾನವನು ಹೋದ ನಾಡಿನ ಆಹಾರಕ್ಕೆ ಆಶ್ಚರ್ಯಕರವಾಗಿ ಹೊಂದಿಕೊಳ್ಳಬಲ್ಲನು, ಆದರೆ ಆ ನಾಡಿನವರು ಬಾಳುವಂತೆಯೇ ಬಾಳಿದಾಗ ಮಾತ್ರ. ಇನ್ಯೂಟರ ಹಸಿಮಾಂಸದ ಹಿಂದೆ ಚಳಿ, ಬೇಟೆಯ ಶ್ರಮ, ಕೊಬ್ಬಿನ ಪ್ರಮಾಣ, ಅಂಗಾಂಗಗಳ ಆಯ್ಕೆ ಮತ್ತು ತಲೆಮಾರುಗಳ ಎಚ್ಚರಿಕೆ ಇವೆಲ್ಲವೂ ಇದ್ದವು. ಇಡೀ ಲೆಕ್ಕದ ಪುಸ್ತಕದಿಂದ ಒಂದೇ ಬಾಬನ್ನು ಎತ್ತಿಕೊಂಡು ಲಾಭವೆಂದು ತೋರಿಸುವುದು ಸರಿಯಾದ ಲೆಕ್ಕವಾಗದು.

ಈ ಮಾತು ಹಸಿಮಾಂಸಕ್ಕೆ ಮಾತ್ರ ಅನ್ವಯಿಸುವುದಲ್ಲ. ಹೊಲದ ದುಡಿಮೆಯನ್ನು ಊರಿನಲ್ಲಿಯೇ ಬಿಟ್ಟು, ಹೊಲದವನ ಊಟದ ಪ್ರಮಾಣವನ್ನು ಮಾತ್ರ ಮುಂಬಯಿಗೋ ದಿಲ್ಲಿಗೋ ತಂದುಕೊಂಡು, ದಿನವಿಡೀ ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡುವವರಿಗೂ ಇದೇ ಪಾಠ. ಹೊರದೇಶಕ್ಕೆ ಹೋಗುವವರು ಅಲ್ಲಿನ ಹವೆಗೂ ತಮ್ಮ ದುಡಿಮೆಗೂ ತಕ್ಕಂತೆ ಆಹಾರವನ್ನು ಬದಲಿಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಮಾಂಸಾಹಾರಿಗಳು ಅದನ್ನು ಚೆನ್ನಾಗಿ ಬೇಯಿಸಿ, ತರಕಾರಿಗಳೊಡನೆ ಮಿತವಾಗಿ ಸೇವಿಸಲಿ. ಸಸ್ಯಾಹಾರಿಗಳು ಬೇಳೆಕಾಳು, ಹಾಲು ಮೊಸರು, ಸೊಪ್ಪುಗಳನ್ನು ಬಿಡದಿರಲಿ. ಯಾವುದೇ ತೀವ್ರವಾದ ಪಥ್ಯವನ್ನು ಕೈಗೊಳ್ಳುವ ಮುನ್ನ ವೈದ್ಯರ ಸಲಹೆ ಪಡೆಯಲಿ. ಸಹಜ ಜೀವನವೆಂದರೆ ಬೇರೊಬ್ಬರ ತಟ್ಟೆಯ ಅನುಕರಣೆಯಲ್ಲ; ತಾನಿರುವ ನೆಲ, ಮಾಡುವ ಕೆಲಸ ಮತ್ತು ತನ್ನ ದೇಹದ ಸ್ಥಿತಿ ಈ ಮೂರನ್ನೂ ಅರಿತು ಉಣ್ಣುವುದೇ ಆಗಿದೆ.