ಲಿನಕ್ಸ್‌ನಲ್ಲಿ ಬ್ಲಾಸ್ ಲೈಬ್ರರಿಗಳ ಬದಲಾವಣೆ

ಬ್ಲಾಸ್ ಎಂಬುದು ಸದಿಶ ಮತ್ತು ಮಾತೃಕೆಗಳ ಮೇಲಿನ ಮೂಲಭೂತ ಗಣಿತಕ್ರಿಯೆಗಳಿಗೆ ರೂಪಿಸಲಾದ ಸಾಮಾನ್ಯ ನಿರೂಪಣೆಯಾಗಿದೆ. 'ಬೇಸಿಕ್ ಲೀನಿಯರ್ ಆಲ್ಜೀಬ್ರಾ ಸಬ್‌ಪ್ರೋಗ್ರಾಮ್ಸ್' ಎಂಬುದರ ಸಂಕ್ಷಿಪ್ತ ರೂಪವೇ ಈ ಹೆಸರು. ಈ ನಿರೂಪಣೆಯನ್ನು ಅನುಸರಿಸಿ ರಚಿತವಾದ ಲೈಬ್ರರಿಗಳು ಹಲವಿದ್ದು, ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಒಂದರ ಬದಲಿಗೆ ಮತ್ತೊಂದನ್ನು ಬಳಸಲು ಸಾಧ್ಯವಿದೆ.

ಹಿನ್ನೆಲೆ

ಬ್ಲಾಸ್‌ನ ಮೊದಲ ಹಂತವು 1979ರಲ್ಲಿ ಪ್ರಕಟವಾಯಿತು. ಮಾತೃಕೆ ಮತ್ತು ಸದಿಶಗಳ ಗುಣಾಕಾರವನ್ನು ಒಳಗೊಂಡ ಎರಡನೆಯ ಹಂತ 1988ರಲ್ಲಿಯೂ, ಮಾತೃಕೆಗಳ ಪರಸ್ಪರ ಗುಣಾಕಾರವನ್ನು ಒಳಗೊಂಡ ಮೂರನೆಯ ಹಂತ 1990ರಲ್ಲಿಯೂ ಪ್ರಕಟವಾದವು. ಸಮೀಕರಣಗಳನ್ನು ಬಿಡಿಸುವ ಲಾಪ್ಯಾಕ್ ಎಂಬ ಲೈಬ್ರರಿಯು ಬ್ಲಾಸ್ ಅನ್ನು ಅವಲಂಬಿಸಿದೆ.

ಫೋರ್ಟ್ರಾನ್ ಭಾಷೆಯಲ್ಲಿ ಬರೆಯಲಾದ ಮಾದರಿ ಬ್ಲಾಸ್ ಸರಳವಾಗಿದ್ದರೂ ನಿಧಾನಗತಿಯದು. ಕಜುಶಿಗೆ ಗೊಟೊ ಅವರ ಗೊಟೊಬ್ಲಾಸ್ ಅನ್ನು ಆಧರಿಸಿ 2011ರಲ್ಲಿ ಆರಂಭವಾದ ಓಪನ್‌ಬ್ಲಾಸ್, ಸಂಸ್ಕಾರಕದ ಕ್ಯಾಶ್ ಸ್ಮೃತಿಯನ್ನೂ ಅದರ ಹಲವು ತಿರುಳುಗಳನ್ನೂ ಬಳಸಿಕೊಂಡು ದೊಡ್ಡ ಮಾತೃಕೆಗಳನ್ನು ಬಹಳ ಬೇಗ ಗುಣಿಸುತ್ತದೆ. ಅಟ್ಲಾಸ್, ಬ್ಲಿಸ್ ಹಾಗೂ ಇಂಟೆಲ್ ಸಂಸ್ಥೆಯ ಎಂಕೆಎಲ್ ಇತರ ಉದಾಹರಣೆಗಳು.

ಬದಲಾವಣೆಯ ವಿಧಾನ

ಉಪಕ್ರಮವಿಧಿಗಳ ಹೆಸರು ಮತ್ತು ಅವು ಮೌಲ್ಯಗಳನ್ನು ಸ್ವೀಕರಿಸುವ ಕ್ರಮ ಎಲ್ಲ ಲೈಬ್ರರಿಗಳಲ್ಲಿಯೂ ಒಂದೇ ಆಗಿರುವುದರಿಂದ, ಕ್ರಮವಿಧಿಯನ್ನು ಮತ್ತೆ ಸಂಕಲಿಸಬೇಕಾಗಿಲ್ಲ. ಡೆಬಿಯನ್ ಮತ್ತು ಉಬುಂಟು ವ್ಯವಸ್ಥೆಗಳಲ್ಲಿ ಕ್ರಮವಿಧಿಯು ಒಂದು ಸಾಮಾನ್ಯ ಹೆಸರಿನ ಕಡತವನ್ನು ಹುಡುಕುತ್ತದೆ. ಆ ಹೆಸರು ವಾಸ್ತವವಾಗಿ ಒಂದು ಕೊಂಡಿಯಾಗಿದ್ದು, ಆಯ್ಕೆಯಾದ ಲೈಬ್ರರಿಯತ್ತ ಬೊಟ್ಟುಮಾಡುತ್ತದೆ.

ಈ ಕೊಂಡಿಗಳನ್ನು 'ಅಪ್‌ಡೇಟ್-ಆಲ್ಟರ್ನೇಟಿವ್ಸ್' ಎಂಬ ಆದೇಶವು ನಿರ್ವಹಿಸುತ್ತದೆ. ಸ್ವಯಂಚಾಲಿತ ಸ್ಥಿತಿಯಲ್ಲಿ ಅತ್ಯಧಿಕ ಆದ್ಯತಾಂಕವುಳ್ಳ ಲೈಬ್ರರಿಯೇ ಆಯ್ಕೆಯಾಗುತ್ತದೆ. ಈ ಆದೇಶದ 'ಕಾನ್ಫಿಗ್' ಆಯ್ಕೆಯು ಲಭ್ಯವಿರುವ ಲೈಬ್ರರಿಗಳ ಪಟ್ಟಿಯನ್ನು ತೋರಿಸಿ, ಬಳಕೆದಾರನು ನಮೂದಿಸಿದ ಸಂಖ್ಯೆಯಂತೆ ಕೊಂಡಿಯನ್ನು ಬದಲಿಸುತ್ತದೆ. ಇದಕ್ಕೆ ನಿರ್ವಾಹಕನ ಅಧಿಕಾರ ಅಗತ್ಯ. 'ಆಟೋ' ಆಯ್ಕೆಯಿಂದ ಸ್ವಯಂಚಾಲಿತ ಸ್ಥಿತಿಗೆ ಮರಳಬಹುದು. ಬ್ಲಾಸ್ ಮತ್ತು ಲಾಪ್ಯಾಕ್‌ಗಳ ಕೊಂಡಿಗಳು ಪ್ರತ್ಯೇಕವಾಗಿರುವುದರಿಂದ ಎರಡನ್ನೂ ಒಂದೇ ಮೂಲದಿಂದ ಆರಿಸಿಕೊಳ್ಳುವುದು ಕ್ಷೇಮಕರ.

ಫೆಡೋರಾ ವ್ಯವಸ್ಥೆಯು ಫ್ಲೆಕ್ಸಿಬ್ಲಾಸ್ ಎಂಬ ಮಧ್ಯವರ್ತಿ ಲೈಬ್ರರಿಯನ್ನು ಬಳಸುತ್ತದೆ. ಇದರಲ್ಲಿ ಪರಿಸರ ಚರಾಂಶವೊಂದರ ಮೂಲಕ ಪ್ರತಿಯೊಬ್ಬ ಬಳಕೆದಾರನೂ ತನ್ನ ಆಯ್ಕೆಯನ್ನು ತಾನೇ ಸೂಚಿಸಬಹುದು.

ಮಿತಿಗಳು

ಕೊಂಡಿ ಬದಲಾದ ಮಾತ್ರಕ್ಕೆ ಎಲ್ಲ ಕ್ರಮವಿಧಿಗಳೂ ಹೊಸ ಲೈಬ್ರರಿಯನ್ನು ಬಳಸುತ್ತವೆ ಎಂದಲ್ಲ. ಪೈಥಾನ್ ಭಾಷೆಯ ನಂಪೈಯನ್ನು 'ಪಿಪ್' ಮೂಲಕ ಸ್ಥಾಪಿಸಿದಾಗ ಸಾಮಾನ್ಯವಾಗಿ ಅದು ತನ್ನದೇ ಓಪನ್‌ಬ್ಲಾಸ್ ಪ್ರತಿಯೊಂದಿಗೆ ಬರುವುದರಿಂದ ವ್ಯವಸ್ಥೆಯ ಕೊಂಡಿಯನ್ನು ಗಮನಿಸುವುದಿಲ್ಲ. ನಂಪೈಯ 'ಶೋ ಕಾನ್ಫಿಗ್' ಉಪಕ್ರಮವಿಧಿಯು ಅದು ಯಾವ ಬ್ಲಾಸ್‌ನೊಂದಿಗೆ ನಿರ್ಮಿತವಾಗಿದೆ ಎಂಬುದನ್ನು ತಿಳಿಸುತ್ತದೆ. ಇತರ ಕ್ರಮವಿಧಿಗಳ ಅವಲಂಬನೆಯನ್ನು 'ಎಲ್‌ಡಿಡಿ' ಆದೇಶದಿಂದ ಪರಿಶೀಲಿಸಬಹುದು. ಪೂರ್ಣಾಂಕಗಳಿಗೆ 64 ಬಿಟ್‌ಗಳನ್ನು ಬಳಸುವ ಬ್ಲಾಸ್ ಅನ್ನು 32 ಬಿಟ್‌ಗಳದರ ಸ್ಥಾನದಲ್ಲಿ ಇರಿಸಲಾಗದು.

ಉತ್ತರಗಳೂ ಕೊನೆಯ ಅಂಕಿಗಳಲ್ಲಿ ಭಿನ್ನವಾಗಬಹುದು. ಗಣಕದ ದಶಮಾಂಶ ಲೆಕ್ಕದಲ್ಲಿ ಕೂಡುವ ಕ್ರಮಕ್ಕೂ ಮಹತ್ವವಿದೆ. 64 ಬಿಟ್‌ಗಳ ಲೆಕ್ಕದಲ್ಲಿ 0.1 ಮತ್ತು 0.2ನ್ನು ಮೊದಲು ಕೂಡಿ, ಬಳಿಕ 0.3ನ್ನು ಸೇರಿಸಿದರೆ 0.6000000000000001 ದೊರೆಯುತ್ತದೆ; 0.2 ಮತ್ತು 0.3ನ್ನು ಮೊದಲು ಕೂಡಿ, 0.1ನ್ನು ಸೇರಿಸಿದರೆ 0.6 ದೊರೆಯುತ್ತದೆ. ವೇಗದ ಲೈಬ್ರರಿಗಳು ಕೂಡುವ ಕ್ರಮವನ್ನು ತಮ್ಮ ಅನುಕೂಲಕ್ಕೆ ತಕ್ಕಂತೆ ಬದಲಿಸಿಕೊಳ್ಳುತ್ತವೆ. ಆದ್ದರಿಂದ ವೈಜ್ಞಾನಿಕ ಫಲಿತಾಂಶವನ್ನು ಇತರರು ಮರುಪರಿಶೀಲಿಸಬೇಕಾದಲ್ಲಿ, ಬಳಸಿದ ಬ್ಲಾಸ್‌ನ ಹೆಸರು ಮತ್ತು ಆವೃತ್ತಿಯನ್ನು ದಾಖಲಿಸುವುದು ಅವಶ್ಯಕ.